ಎಂಸಿಬಿ ಇದೆ ಅಂತ ಧೈರ್ಯವಾಗಿದ್ದೀರಾ? ಶಾಕ್ ಹೊಡೆದಾಗ ಅದು ಬೀಳಲ್ಲ!

ಮೀಟರ್ ಪಕ್ಕದ ಡಿಬಿ ಬಾಕ್ಸ್ ಒಮ್ಮೆ ತೆಗೆದು ನೋಡಿ. ಸಾಲಾಗಿ ನಾಲ್ಕೈದು ಎಂಸಿಬಿ ಇರುತ್ತವೆ. "ಏನಾದ್ರೂ ಆದ್ರೆ ಅದು ತಾನಾಗೇ ಬೀಳುತ್ತೆ ಬಿಡ್ರಿ" ಅನ್ನೋದು ಬಹುತೇಕರ ನಂಬಿಕೆ. ಇದು ಅರ್ಧ ಮಾತ್ರ ನಿಜ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಅದರ ಕೆಲಸವೇ ಅಲ್ಲ.

ಲೆಕ್ಕ ನೋಡಿ. ಗೀಸರ್, ಮೋಟರ್ ಲೈನಿಗೆ ಸಾಮಾನ್ಯವಾಗಿ 16 ಆಂಪಿಯರ್ ಎಂಸಿಬಿ ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚು ಕರೆಂಟ್ ಎಳೆದರೆ ಮಾತ್ರ ಅದು ಬೀಳುತ್ತದೆ. ಈಗ ಒದ್ದೆ ಕಾಲಲ್ಲಿ ನಿಂತವರೊಬ್ಬರು ಬಾಡಿಗೆ ಕರೆಂಟ್ ಬಂದಿರುವ ಮೋಟರ್ ಮುಟ್ಟಿದರು ಅಂದುಕೊಳ್ಳಿ. ಮೈಯ ತಡೆ ಸುಮಾರು 1,500 ಓಮ್ ಅಂತ ಹಿಡಿದರೆ 230 ವೋಲ್ಟ್‌ಗೆ ಹರಿಯೋದು ಬರೀ 150 ಮಿಲಿಆಂಪಿಯರ್. ಹಳೇ ಕಾಲದ 40 ವ್ಯಾಟ್ ಬಲ್ಬ್ ಎಳೆಯುವಷ್ಟೂ ಇಲ್ಲ! ಎಂಸಿಬಿಗೆ ಅದು ಗೊತ್ತೇ ಆಗಲ್ಲ. ಆದರೆ ಹೃದಯದ ಬಡಿತ ತಪ್ಪಿಸಲು ಅಷ್ಟೇ ಸಾಕು.

"ನಮ್ಮನೇಲಿ ಅರ್ಥಿಂಗ್ ಇದೆ" ಅನ್ನುವವರೂ ಸ್ವಲ್ಪ ಕೇಳಿ. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ವರ್ಷಗಳಾಗಿ, ಬೇಸಿಗೆಯಲ್ಲಿ ಮಣ್ಣು ಒಣಗಿದ್ದರೆ ಅದರ ತಡೆ 20 ಓಮ್ ದಾಟುವುದು ದೊಡ್ಡ ವಿಷಯವಲ್ಲ. ಆಗ ಫೇಸ್ ನೇರ ಬಾಡಿಗೆ ತಗುಲಿದರೂ ನೆಲಕ್ಕೆ ಹೋಗುವುದು 11 ಆಂಪಿಯರ್ ಆಸುಪಾಸು. 16ರ ಎಂಸಿಬಿ ಆಗಲೂ ಆರಾಮಾಗಿ ನಿಂತೇ ಇರುತ್ತದೆ, ಮೋಟರ್ ಬಾಡಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಇದಕ್ಕೆ ಬೇಕಿರೋದು ಆರ್‌ಸಿಸಿಬಿ. ನಮ್ಮ ಕಡೆ ಅಂಗಡಿಗಳಲ್ಲಿ ಇನ್ನೂ ಇಎಲ್‌ಸಿಬಿ ಅಂತಲೇ ಕೇಳ್ತಾರೆ. ಆ ಹೆಸರಿನ ಹಳೇ ಸಾಧನ ಬೇರೆಯೇ ಇತ್ತು, ಆದರೂ ಈಗ ಕೊಡೋದು ಆರ್‌ಸಿಸಿಬಿಯನ್ನೇ. ಅಂಗಡಿಯವರಿಗೆ ಇದರ ಕೆಲಸ ಬೇಗ ಅರ್ಥವಾಗುತ್ತೆ, ಗಲ್ಲಾ ಲೆಕ್ಕ ಇದ್ದ ಹಾಗೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಎರಡೂ ವೈರ್ ಒಳಗಿನ ಒಂದು ಉಂಗುರದ ಮೂಲಕ ಹಾದುಹೋಗುತ್ತವೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂತು ಅಂದರೆ, ಅಷ್ಟು ಎಲ್ಲೋ ನೆಲಕ್ಕೆ ಸೋರುತ್ತಿದೆ, ಬಹುಶಃ ಯಾರದೋ ಮೈ ಮೂಲಕ. ಕೂಡಲೇ ಲೈನ್ ಕಟ್. ಸೋರಿಕೆ 150 ಮಿಲಿಆಂಪಿಯರ್ ಇದ್ದರೆ ಸೆಕೆಂಡಿನ 25ರಲ್ಲಿ ಒಂದು ಭಾಗದೊಳಗೆ ಅದು ಬೀಳಲೇಬೇಕು ಅನ್ನುತ್ತೆ ನಿಯಮ. ಶಾಕ್ ಜುಮ್ಮೆನ್ನುತ್ತದೆ, ಆದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಕೊಳ್ಳುವಾಗ ಮೇಲೆ 30 ಎಂಎ ಅಂತ ಇದೆಯಾ, ಐಎಸ್‌ಐ ಗುರುತು ಇದೆಯಾ ನೋಡಿ. 100, 300 ಎಂಎ ಇರುವವು ಬೆಂಕಿ ತಡೆಯಲು, ಶಾಕ್‌ಗೆ ಅಲ್ಲ. ಸಿಂಗಲ್ ಫೇಸ್‌ಗೆ ಎರಡು ಪೋಲ್, ತ್ರೀ ಫೇಸ್‌ಗೆ ನಾಲ್ಕು ಪೋಲ್. ಎಂಸಿಬಿ ಕಿತ್ತುಹಾಕುವಂತಿಲ್ಲ, ಓವರ್‌ಲೋಡ್ ಆರ್‌ಸಿಸಿಬಿಗೆ ಗೊತ್ತಾಗಲ್ಲ. ಅರ್ಥಿಂಗ್ ಕೂಡ ಬೇಕೇ ಬೇಕು. ಅದಿದ್ದರೆ ಯಾರೂ ಮುಟ್ಟುವ ಮುಂಚೆಯೇ ಲೈನ್ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ. ಇನ್ನೊಂದು ಮಾತು, ಒಂದು ಕೈಲಿ ಫೇಸ್ ಇನ್ನೊಂದು ಕೈಲಿ ನ್ಯೂಟ್ರಲ್ ಹಿಡಿದರೆ ಇದೂ ಕಾಪಾಡಲ್ಲ. ಹೋದ ಲೆಕ್ಕ, ಬಂದ ಲೆಕ್ಕ ಆಗ ಸರಿಯಾಗೇ ಇರುತ್ತಲ್ಲ!

ನಿಜವಾದ ತೊಂದರೆ ಬರೋದು ಹಾಕಿಸಿದ ಮೇಲೆ. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ. ಫ್ರಿಜ್‌ನಲ್ಲಿದ್ದ ಹಾಲು, ಐಸ್‌ಕ್ರೀಂ ಹಾಳಾಯ್ತು ಅಂತ ಸಿಟ್ಟಾಗಿ "ತೆಗೆದುಬಿಡಪ್ಪಾ" ಅಂದರೆ, ಕೆಲವು ಎಲೆಕ್ಟ್ರಿಷಿಯನ್‌ಗಳು ಎರಡು ವೈರ್ ನೇರ ಜೋಡಿಸಿ ಹೋಗಿಬಿಡ್ತಾರೆ. ಬಾಕ್ಸ್‌ನಲ್ಲಿ ಆರ್‌ಸಿಸಿಬಿ ಕಾಣುತ್ತೆ, ಕೆಲಸಕ್ಕಿಲ್ಲ. ಇದು ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಮನೆಯವರು ನಂಬಿಕೊಂಡಿರ್ತಾರೆ.

ಹಾಗೆ ಮಾಡುವ ಬದಲು ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತೋ ಆ ಲೈನಿನಲ್ಲಿ ಲೀಕ್ ಇದೆ. ಹೆಚ್ಚಾಗಿ ಸಿಗೋದು ಗೀಸರ್ ಕಾಯಿಲ್, ಹೊರಗಿನ ಲೈಟ್, ಅಂಗಡಿಯ ಬೋರ್ಡ್, ನೀರು ಇಳಿದ ಸ್ವಿಚ್‌ಬೋರ್ಡ್. ಎಲ್ಲ ಎಂಸಿಬಿ ಆಫ್ ಇದ್ದಾಗಲೂ ಬಿದ್ದರೆ ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ಒಂದಾಗಿರಬಹುದು. ಎಂಸಿಬಿ ಸಾಮಾನ್ಯವಾಗಿ ಫೇಸ್ ಮಾತ್ರ ಕಡಿಯೋದರಿಂದ ಅದನ್ನು ಎಲೆಕ್ಟ್ರಿಷಿಯನ್ನೇ ಹುಡುಕಬೇಕು. ಇನ್ವರ್ಟರ್ ಹಾಕಿದ ದಿನದಿಂದ ಶುರುವಾಗಿದ್ದರೆ ಅದರ ನ್ಯೂಟ್ರಲ್ ತಪ್ಪು ಕಡೆ ಸೇರಿಸಿದ್ದಾರೆ ಅಂತ ಅನುಮಾನಪಡಿ.

ಆರ್‌ಸಿಸಿಬಿ ಮೇಲೆ 'ಟಿ' ಅಂತ ಬರೆದ ಪುಟ್ಟ ಗುಂಡಿ ಇರುತ್ತದೆ. ಕರೆಂಟ್ ಇದ್ದಾಗ ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬಿದ್ದು ಇಡೀ ಮನೆ ಆಫ್ ಆಗಬೇಕು. ಒತ್ತಿದರೂ ಬೀಳದಿದ್ದರೆ, ಅಥವಾ ಬಿದ್ದರೂ ಫ್ಯಾನ್ ತಿರುಗುತ್ತಲೇ ಇದ್ದರೆ, ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ. ಎರಡನೆಯದು ಇನ್ವರ್ಟರ್ ಲೈನ್ ಇರಬಹುದು, ಯಾರೋ ನೇರ ಜೋಡಿಸಿ ಹೋಗಿರಲೂಬಹುದು.