ಸೋತದ್ದು ಯಾಕೆ ಅಂತ ಗೊತ್ತಾದರೆ ಸಾಕು

ದಸರೆ ರಜೆಗೆ ದಾವಣಗೆರೆಯಿಂದ ನಮ್ಮ ನಲ್ಲೂರಿಗೆ ಬಂದ ಮೊಮ್ಮಗ ಎರಡು ದಿನ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. ಮೂರನೆಯ ದಿನ ಅದನ್ನು ಮಂಚದ ಮೇಲೆ ಎಸೆದು ಜಗಲಿಗೆ ಬಂದು ಕುಳಿತ.

“ಯಾಕೋ ಪುಟ್ಟ, ಆಟ ಮುಗೀತಾ?”

“ಇಲ್ಲಜ್ಜ, ತುಂಬ ಕಷ್ಟ ಐತೆ. ಬಿಟ್ಟುಬಿಟ್ಟೆ.”

ಅವನ ಅಜ್ಜಿಗೆ ಖುಷಿಯೋ ಖುಷಿ. ನನಗೆ ಮಾತ್ರ ಆ ‘ಬಿಟ್ಟುಬಿಟ್ಟೆ’ ಚುಚ್ಚಿತು. ಮೂವತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಅವನಪ್ಪನ ಬಾಯಿಂದಲೂ ಅದೇ ಮಾತು ಕೇಳಿದ್ದೆ.

ಆಗ ನಾವಾಡುತ್ತಿದ್ದದ್ದು ಹುಲಿ-ಕುರಿ ಆಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೂರು ಕಲ್ಲು ಹುಲಿ, ಹದಿನೈದು ಹುಣಸೆಬೀಜ ಕುರಿ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಎಲ್ಲ ಕುರಿ ಒಟ್ಟಾಗಿ ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಗಳು ಗೆದ್ದಂತೆ. ಯಾವಾಗಲೂ ನಾನೇ ಹುಲಿ, ಮಗ ಕುರಿ. ಅವನು ಎಲ್ಲಿ ತಪ್ಪಿದ ಎಂದು ಒಮ್ಮೆಯೂ ಹೇಳಿಕೊಡಲಿಲ್ಲ. ಬೀಜ ಎತ್ತಿಕೊಂಡು ನಗುತ್ತಿದ್ದೆ. ಒಂದು ಸಂಜೆ ಎದ್ದುಹೋದವನು ಮತ್ತೆ ನನ್ನೆದುರು ಆಟಕ್ಕೆ ಕೂರಲೇ ಇಲ್ಲ.

“ಕಷ್ಟ ಅಂದ್ರೆ ಏನಪ್ಪಾ?” ಎಂದು ಮೊಮ್ಮಗನನ್ನು ಕೇಳಿದೆ.

“ಎಲ್ಲಿಂದಲೋ ಏನೋ ಬಂದು ಹೊಡೀತದೆ ಅಜ್ಜ. ಯಾಕೆ ಸತ್ತೆ ಅಂತಾನೇ ಗೊತ್ತಾಗಲ್ಲ. ಮತ್ತೆ ಮೊದಲಿಂದ ಆಡ್ಬೇಕು. ಎಷ್ಟು ಆಡಿದ್ರೂ ಅಲ್ಲೇ ಇರ್ತೀನಿ.”

ಮಕ್ಕಳೇ, ಕಾರಣ ಮೂರೂ ಅವನ ಮಾತಿನಲ್ಲೇ ಇವೆ. ಸೋಲಿನ ಕಾರಣ ತಿಳಿಯುವುದಿಲ್ಲ. ಸಣ್ಣ ತಪ್ಪಿಗೆ ದೊಡ್ಡ ಶಿಕ್ಷೆ. ನಿನ್ನೆಗಿಂತ ಇವತ್ತು ಮುಂದೆ ಬಂದೆ ಎಂಬ ಗುರುತಿಲ್ಲ.

ಆಟ ಮಾಡುವವರಿಗೂ ಇದು ಗೊತ್ತು. ಜಪಾನಿನ ನಿಂಟೆಂಡೊ ಕಂಪನಿ 1986ರಲ್ಲಿ ಮಾರಿಯೋ ಆಟದ ಎರಡನೆಯ ಭಾಗ ತಂದಿತು. ಅದರಲ್ಲಿ ವಿಷದ ಅಣಬೆ, ಎಳೆದೊಯ್ಯುವ ಗಾಳಿ, ಮುಂದೆ ಹೋದೆ ಅಂದುಕೊಂಡವನನ್ನು ಹಿಂದಕ್ಕೆ ತಳ್ಳುವ ದಾರಿಗಳು! ಇದು ಅತಿಯಾಯಿತೆಂದು ಅಮೆರಿಕದ ಮಕ್ಕಳಿಗೆ 1988ರಲ್ಲಿ ಅದೇ ಹೆಸರಿನಲ್ಲಿ ಬೇರೆಯೇ ಆಟ ಕೊಟ್ಟರು. ಮೂಲ ಆಟ ಅಲ್ಲಿಗೆ ಹೋದದ್ದು 1993ರಲ್ಲಿ.

ಹಾಗಂತ ಕಷ್ಟದ ಆಟವನ್ನೆಲ್ಲ ಜನ ಬಿಡುವುದಿಲ್ಲ. ವಿಯೆಟ್ನಾಂನ ಡಾಂಗ್ ನ್ಯೂಯೆನ್ 2013ರಲ್ಲಿ ತಂದ ‘ಫ್ಲಾಪಿ ಬರ್ಡ್’ನಲ್ಲಿ ಹಕ್ಕಿಯನ್ನು ಕೊಳವೆಗಳ ನಡುವೆ ಹಾರಿಸಬೇಕು, ತಾಗಿದರೆ ಆಟ ಮುಗಿಯಿತು. ಬಹಳ ಕಷ್ಟ. ಆದರೆ ತಪ್ಪು ಕಣ್ಣಿಗೆ ಕಾಣುತ್ತದೆ, ಆ ಕ್ಷಣವೇ ಮತ್ತೆ ಶುರು ಮಾಡಬಹುದು. ಜನ ಎಷ್ಟು ಅಂಟಿಕೊಂಡರೆಂದರೆ, 2014ರ ಫೆಬ್ರುವರಿಯಲ್ಲಿ ಅವರೇ ಅದನ್ನು ಹಿಂದಕ್ಕೆ ಪಡೆದರು.

ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಆಟಪ್ರಿಯರು. ಅವರು ರೂಪಿಸಿದ ಗಂಜೀಫ ಆಟಗಳಲ್ಲಿ ಒಂದಕ್ಕೆ 360 ಎಲೆ! ಇಸ್ಪೀಟಿಗೆ ಇರುವುದು 52. ನೋಡಲು ಬಲು ಚೆಂದ. ಆದರೆ ಹಳ್ಳಿಯ ಜಗಲಿಯಲ್ಲಿ ಉಳಿದದ್ದು ಚೌಕಾಬಾರ, ಹುಲಿ-ಕುರಿಯಂಥವೇ.

ಅಂದು ಸಂಜೆ ಮತ್ತೆ ಗೆರೆ ಎಳೆದೆ. ಮೊಮ್ಮಗ ಮೊದಲ ಆಟ ಸೋತ. “ನೋಡು, ಈ ಕುರಿ ಹಿಂದೆ ಖಾಲಿ ಬಿಟ್ಟೆ. ಅದಕ್ಕೇ ಹೋಯ್ತು” ಎಂದು ಆ ನಡೆಯನ್ನು ವಾಪಸ್ ಇಟ್ಟು ತೋರಿಸಿದೆ. ಎರಡನೆಯ ಆಟದಲ್ಲಿ ಏಳು ಕುರಿ ಉಳಿಸಿಕೊಂಡ, ಮೂರನೆಯದರಲ್ಲಿ ಹತ್ತು. ಸೋಲುತ್ತಲೇ ಇದ್ದ, ಆದರೂ ಊಟಕ್ಕೆ ಕರೆದರೆ “ಇನ್ನೊಂದೇ ಆಟ ಅಜ್ಜಿ” ಎಂದ. ನಾಲ್ಕನೆಯ ದಿನ ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿದ. ನಾನು ಬೇಕೆಂದು ಸೋಲಲಿಲ್ಲ, ಆಣೆ!

ಭಾನುವಾರ ಅವನನ್ನು ಕರೆದೊಯ್ಯಲು ಮಗ ಬಂದ. ಗೆರೆಗಳನ್ನು ನೋಡಿ ಸ್ವಲ್ಪ ಹೊತ್ತು ನಿಂತ.

“ಕೂತ್ಕೊಳ್ಳೋ, ಒಂದು ಆಟ ಆಡೋಣ. ಈ ಸಲ ನಾನು ಕುರಿ” ಎಂದೆ.

ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕುಳಿತ.