ಕೆರೆಯಂಚಿನ ಹಸಿಹುಲ್ಲು ಮತ್ತು ನಮ್ಮ ಆಡಿನ ಲಿವರ್

ಊರು ಬಿಟ್ಟು ಬಂದು ಮಾರತ್ತಹಳ್ಳಿಯಲ್ಲಿ ನೆಲೆಸಿದರೂ ಆಡು ಸಾಕುವ ಆಸೆ ನಮ್ಮನ್ನು ಬಿಟ್ಟಿಲ್ಲ. ಬಕ್ರೀದ್‌ಗೆ ನಾಲ್ಕೈದು ತಿಂಗಳಿರುವಾಗಲೇ ಮರಿ ತರುತ್ತೇವೆ. ಮಕ್ಕಳ ಕೈಗೆ ಹಗ್ಗ ಕೊಟ್ಟು ಕೆರೆಯ ಕಡೆ ಮೇಯಲು ಕಳಿಸುತ್ತೇವೆ. ಹಸಿಹುಲ್ಲು ತಿಂದರೆ ಮೈ ತುಂಬುತ್ತದೆ ಅಂತ ನಮ್ಮ ಲೆಕ್ಕ. ಆದರೆ ಕೊಯ್ದಾಗ ಲಿವರ್ ಗಟ್ಟಿಯಾಗಿ, ಪಿತ್ತನಾಳದೊಳಗೆ ಎಲೆಯಂಥ ಚಪ್ಪಟೆ ಹುಳುಗಳು ಕಂಡರೆ ಮನೆಯವರಿಗೆಲ್ಲ ಗಾಬರಿ.

ಇದೇ ಲಿವರ್ ಫ್ಲೂಕ್. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಜಾತಿ ಫ್ಯಾಸಿಯೋಲ ಜೈಗ್ಯಾಂಟಿಕ. ಇದು ಆಡಿನಿಂದ ಆಡಿಗೆ ನೇರವಾಗಿ ಅಂಟುವುದಿಲ್ಲ. ಸಗಣಿ, ಹಿಕ್ಕೆಯ ಜೊತೆ ನೀರಿಗೆ ಬಿದ್ದ ಮೊಟ್ಟೆ ಒಡೆದು, ಮರಿ ಬಸವನಹುಳುವಿನ ಒಳಗೆ ಸೇರಿ ಹಲವು ಪಟ್ಟು ಹೆಚ್ಚುತ್ತದೆ. ಹೊರಬಂದು ಕೆರೆಯಂಚಿನ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ. ಆ ಹುಲ್ಲು ತಿಂದ ಆಡಿನ ಲಿವರನ್ನು ಕೊರೆದು, ಸುಮಾರು ಮೂರು ತಿಂಗಳಲ್ಲಿ ಬೆಳೆದು ಪಿತ್ತನಾಳದಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಹೋದ ವಾರ ತಂದ ಆಡಿನಲ್ಲಿ ದೊಡ್ಡ ಹುಳು ಕಂಡರೆ, ಅದು ಹಿಂದೆ ಮೇಯ್ದ ಜಾಗದಿಂದಲೇ ಬಂದದ್ದು. ಕೊಳ್ಳುವಾಗ ‘ಎಲ್ಲಿ ಮೇಯಿಸಿದ್ದು?’ ಅಂತ ಕೇಳಲೇಬೇಕು.

ಆಡಿಗೆ ಪೊದೆ, ಗಿಡದ ಸೊಪ್ಪೆಂದರೆ ಇಷ್ಟ. ನೆಲದ ಹುಲ್ಲಿಗಿಂತ ಎತ್ತರದ ಚಿಗುರಿಗೇ ಬಾಯಿ ಹಾಕುತ್ತದೆ. ಆ ಸ್ವಭಾವವೇ ಅದಕ್ಕೆ ಕಾವಲು. ಪೇಟೆಯಲ್ಲಿ ಸೊಪ್ಪು ಸಿಗದಾಗ ನಾವೇ ಅದನ್ನು ಜೌಗಿಗೆ ಇಳಿಸುತ್ತೇವೆ.

ಕೆಳರೆಪ್ಪೆಯ ಒಳಭಾಗ ಬಿಳಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಬಾವು ಬಂದರೆ, ಮೇವು ತಿಂದೂ ಸೊರಗಿದರೆ ತಡಮಾಡಬೇಡಿ. ಬೇರೆ ಜಂತುಗಳಿಂದಲೂ ಹೀಗಾಗಬಹುದು. ಹಾಗಾಗಿ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಎಲ್ಲ ಜಂತು ಔಷಧಿಯೂ ಈ ಹುಳುವಿಗೆ ನಾಟುವುದಿಲ್ಲ. ಕೆಲವು ಬೆಳೆದ ಹುಳುವನ್ನು ಮಾತ್ರ ಕೊಲ್ಲುತ್ತವೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬುದನ್ನೂ ವೈದ್ಯರಲ್ಲಿ ಕೇಳಿಕೊಳ್ಳಿ. ಹಬ್ಬದ ಹಿಂದಿನ ವಾರ ಔಷಧಿ ಕುಡಿಸುವುದು ಸರಿಯಲ್ಲ.

ರೋಗ ಎದ್ದು ಕಾಣುವ, ತೀರಾ ಬಡಕಲಾದ ಪ್ರಾಣಿ ಖುರ್ಬಾನಿಗೆ ಸಲ್ಲದು ಎಂದು ಹದೀಸ್‌ನಲ್ಲೇ ಇದೆ. ಹಬ್ಬದ ದಿನ ಚಿಂತಿಸುವ ಬದಲು ಈಗಲೇ ಆಡಿನ ಕಣ್ಣು, ದವಡೆ ನೋಡೋಣ.

ಹುಳು ಬಿದ್ದ ಲಿವರನ್ನು ಎಸೆಯಿರಿ. ಬೇಯಿಸಿದ ಮಾಂಸದಿಂದ ನಮಗೆ ಈ ರೋಗ ಬರುವುದಿಲ್ಲ. ನೀರಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದರೆ, ಅಂಥ ನೀರನ್ನು ಕಾಯಿಸದೆ ಕುಡಿದರೆ ಮನುಷ್ಯರಿಗೂ ಬರಬಹುದು. ಕೆರೆಯಂಚಿಗೆ ಹೋಗುವ ಹಗ್ಗವನ್ನು ಈ ಸಲ ಮನೆ ಹತ್ತಿರವೇ ಕಟ್ಟೋಣ. ಹಲಸಿನ ಸೊಪ್ಪು, ಒಣ ಮೇವು, ಶುದ್ಧ ನೀರು ಕೊಟ್ಟರೆ ಆಡೂ ಚೆನ್ನಾಗಿರುತ್ತದೆ, ಲಿವರೂ ಚೆನ್ನಾಗಿರುತ್ತದೆ.