ಮನೆಯಲ್ಲಿ ಮಾಡಿದ ಸಾಬೂನು: ಹಚ್ಚುವ ಮೊದಲು ರಸಸಾರ ನೋಡಿರಿ



ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ತಯಾರಿಸುವಾಗ ನಾವು ಕಣ್ಣಂದಾಜಿಗೆ ಹೋಗುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ತೂಗಿ ಹಾಕಿ, ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸುತ್ತೇವೆ. ಅಡಿಕೆ ಗೊನೆಗೆ ತೋರಿಸುವ ಈ ಎಚ್ಚರವನ್ನು ಮೈಗೆ ಹಚ್ಚುವ ಸಾಬೂನಿಗೂ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕಲಘಟಗಿ ಸೀಮೆಯ ನಮ್ಮ ಮನೆಯಲ್ಲಿ ತೋಟದ ತೆಂಗಿನೆಣ್ಣೆಯಿಂದ ಸಾಬೂನು ಮಾಡುವ ಲೆಕ್ಕವನ್ನು ಚೀಟಿಯಲ್ಲಿ ಬರೆದಿಟ್ಟಿದ್ದೆವು: 1 ಕಿಲೋ ಎಣ್ಣೆಗೆ 174 ಗ್ರಾಂ ಕಾಸ್ಟಿಕ್ ಸೋಡ. ಆ ಚೀಟಿ ನವಲಗುಂದ ತಾಲೂಕಿಗೆ ಕೊಟ್ಟ ತಂಗಿಯ ಮನೆಗೂ ಹೋಯಿತು. ಅದು ಎರೆಭೂಮಿ. ಮನೆಯಲ್ಲಿದ್ದುದು ಗಾಣದ ಕುಸುಬಿ ಎಣ್ಣೆ. ಯಾವ ಎಣ್ಣೆಯಾದರೇನೆಂದು ಅದನ್ನೇ ಹಾಕಿದರು. ಬಿಲ್ಲೆಗಳು ಗಟ್ಟಿಯಾಗಿ, ನೋಡಲು ಚೆನ್ನಾಗಿಯೇ ಬಂದವು. ಬಳಸತೊಡಗಿದ ವಾರದೊಳಗೆ ತಂಗಿಯ ಬೆರಳಸಂದಿಗಳು ಉರಿದು ಬಿರಿದವು.

ಅವಳ ಅತ್ತೆ ಸಾಬೂನಿನ ನೊರೆಗೆ ಚಿಟಿಕೆ ಅರಿಷಿಣ ಹಾಕಿದರು. ಕೂಡಲೇ ಕೆಂಪಾಯಿತು. "ಕೆಂಪಾತು ನೋಡವಾ, ಸುಣ್ಣ ಕಲಸಿದಂಗ. ಇದನ್ನ ಹಚ್ಚಿಕೋಬ್ಯಾಡ" ಎಂದರು. ತಂಗಿ ಅಂಗಡಿಯ ಸಾಬೂನನ್ನೂ ಹಾಗೆಯೇ ನೋಡಿದಳು. "ಅತ್ತಿ, ಇದೂ ಕೆಂಪ ಮಾಡ್ತೈತಿ ನೋಡ್ರಿ. ಹಂಗಾರ ಎಲ್ಲಾ ಸಾಬಾಣಾನೂ ಕೆಟ್ಟವ ಏನ್ರೀ?"

ಪ್ರಶ್ನೆ ಸರಿಯಾದದ್ದೇ. ಮಣ್ಣುಪರೀಕ್ಷೆಯ ಚೀಟಿಯಲ್ಲಿ ರಸಸಾರ, ಅಂದರೆ ಪಿ.ಎಚ್., ಬರೆದಿರುವುದನ್ನು ತಾವು ಬಲ್ಲಿರಿ. 7 ಎಂದರೆ ಸಮ. ಮಲೆನಾಡಿನ ತೋಟದ ಮಣ್ಣು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ, ಎರೆಮಣ್ಣು ಮೇಲೆ. ಸಾಬೂನು ಹುಟ್ಟಿನಿಂದಲೇ ಕ್ಷಾರ. ಒಳ್ಳೆಯ ಸಾಬೂನಿನ ರಸಸಾರವೂ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಅರಿಷಿಣವಾಗಲಿ, ಲಿಟ್ಮಸ್ ಕಾಗದವಾಗಲಿ ಕ್ಷಾರ ಇದೆಯೆಂದಷ್ಟೇ ಹೇಳುತ್ತವೆ, ಎಷ್ಟಿದೆಯೆಂದು ಹೇಳುವುದಿಲ್ಲ. ರಸಸಾರದಲ್ಲಿ ಒಂದು ಅಂಕಿ ಏರಿದರೆ ಕ್ಷಾರ ಹತ್ತು ಪಟ್ಟು ಏರಿದಂತೆ. ಆದ್ದರಿಂದ 10ಕ್ಕೂ 12ಕ್ಕೂ ನೂರು ಪಟ್ಟು ವ್ಯತ್ಯಾಸ.

ಮೈ ಸುಡುವುದು ಎಣ್ಣೆಯೊಡನೆ ಕೂಡದೆ ಉಳಿದ ಕಾಸ್ಟಿಕ್. 1 ಕಿಲೋ ತೆಂಗಿನೆಣ್ಣೆ ಸುಮಾರು 183 ಗ್ರಾಂ ಕಾಸ್ಟಿಕ್ ಹಿಡಿದುಕೊಳ್ಳುತ್ತದೆ. ನಮ್ಮ ಚೀಟಿಯಲ್ಲಿ ಶೇ. 5ರಷ್ಟು ಕಡಿಮೆ ಬರೆದದ್ದು ಸ್ವಲ್ಪ ಎಣ್ಣೆ ಉಳಿಯಲೆಂದೇ. ಆದರೆ 1 ಕಿಲೋ ಕುಸುಬಿ ಅಥವಾ ಶೇಂಗಾ ಎಣ್ಣೆ ಹಿಡಿಯುವುದು ಸುಮಾರು 136 ಗ್ರಾಂ ಮಾತ್ರ. ತಂಗಿಯ ಸಾಬೂನಿನಲ್ಲಿ 38 ಗ್ರಾಂ ಹಾಗೆಯೇ ಉಳಿದಿತ್ತು. ಒಂದೂವರೆ ಕಿಲೋ ಸಾಬೂನಿಗೆ ಇದು ಶೇ. 2.5. ಮೈಗೆ ಹಚ್ಚುವ ಸಾಬೂನಿನಲ್ಲಿ ಹೀಗೆ ಉಳಿದ ಕಾಸ್ಟಿಕ್ ಶೇ. 0.05 ಮೀರಬಾರದೆಂದು ಭಾರತೀಯ ಮಾನಕ 2888 ಹೇಳುತ್ತದೆ. ಅದರ 50 ಪಟ್ಟು ನಮ್ಮ ಬಿಲ್ಲೆಯಲ್ಲಿತ್ತು. ತಿಂಗಳುಗಟ್ಟಲೆ ಒಣಗಿಸಿದರೂ ಇಷ್ಟು ಹೆಚ್ಚಳ ಹೋಗುವುದಿಲ್ಲ. ಒಣಗುವುದು ನೀರು ಮಾತ್ರ.

ಪರೀಕ್ಷೆಯ ಕ್ರಮ ಹೀಗಿದೆ:

1. ತಿಂಗಳು ಒಣಗಿದ ಎರಡು ಮೂರು ಬಿಲ್ಲೆಗಳ ಅಂಚು, ನಡುಭಾಗ ಎರಡರಿಂದಲೂ ಚಾಕುವಿನಿಂದ ಹೆರೆದು 5 ಗ್ರಾಂ ತೂಗಿಕೊಳ್ಳಿರಿ.

2. ಅರ್ಧ ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿರಿ. ಬ್ಯಾಟರಿಗೆ ಹಾಕುವ ಶುದ್ಧ ನೀರು ಸಾಕು. ಅದರ ಪಕ್ಕದಲ್ಲಿಟ್ಟು ಮಾರುವ ಆ್ಯಸಿಡ್ ತರಬೇಡಿರಿ. ನವಲಗುಂದ, ಅಣ್ಣಿಗೇರಿ ಕಡೆಯ ಬೋರಿನ ಸವಳು ನೀರು ಈ ಕೆಲಸಕ್ಕೆ ಬಾರದು.

3. ನೀರು ಆರಿದ ಮೇಲೆ 1ರಿಂದ 14ರವರೆಗಿನ ಪಿ.ಎಚ್. ಕಾಗದ ಅದ್ದಿ ಬಣ್ಣ ಹೋಲಿಸಿರಿ. 11 ಮುಟ್ಟಿದರೆ ಆ ಸಾಬೂನು ಮೈಗೆ ಬೇಡ. ಒಣಬಿಲ್ಲೆಯ ಮೇಲೆ ಕಾಗದ ಒತ್ತಿ ನೋಡುವುದು ಪರೀಕ್ಷೆಯಲ್ಲ.

4. ಸಾಬೂನಿನ ನೀರಿನಲ್ಲಿ ಕಾಗದ ಕೆಲವೊಮ್ಮೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ 9 ಬಂತೆಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಅನುಮಾನವಿದ್ದರೆ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರನ್ನು ಕೇಳಿರಿ. ಸಾಬೂನನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ ಫಿನಾಲ್ಫ್ತಲೀನ್ ಹನಿ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಉಳಿದಿದೆ ಎಂದರ್ಥ.

5. ನಾಲಿಗೆಗೆ ಮುಟ್ಟಿಸಿ ನೋಡುವ ರೂಢಿಯನ್ನು ಬಿಡಿರಿ.

ತಯಾರಿಸುವಾಗ ಕಾಸ್ಟಿಕ್ ಅನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಕಾಸ್ಟಿಕ್ಕಿಗೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಪಾತ್ರೆ ಇರಲಿ. ಕನ್ನಡಕ, ರಬ್ಬರ್ ಕೈಗವಸು ಬೇಕೇಬೇಕು. ಮಕ್ಕಳನ್ನು ದೂರವಿಡಿರಿ. ಕಣ್ಣಿಗೆ ಸಿಡಿದರೆ ನಿಂಬೆರಸ, ಹುಣಸೆನೀರು ಹಾಕದೆ 20 ನಿಮಿಷ ತಣ್ಣೀರಿನಿಂದ ತೊಳೆಯುತ್ತಿದ್ದು ಕೂಡಲೇ ದವಾಖಾನೆಗೆ ಹೋಗಬೇಕು. ಮಾರಾಟಕ್ಕೆ ಮಾಡುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಪರವಾನಗಿ ಪಡೆಯಬೇಕು.

ಕೆಟ್ಟ ಸಾಬೂನನ್ನು "ಆಳುಗಳ ಕೈ ತೊಳೆಯಲಿಕ್ಕೆ ಆದೀತು" ಎಂದು ಕೊಟ್ಟಿಗೆಯಲ್ಲಿ ಇಡುವವರೂ ಉಂಟು. ಅಡಿಕೆ ಸುಲಿಯುವ ಕೈಗಳಲ್ಲಿ ಚೊಗರಿನ ಜೊತೆಗೆ ಗಾಯಗಳೂ ಇರುತ್ತವೆ. ನಮ್ಮ ಮೈಗೆ ಬೇಡವಾದದ್ದು ಅವರ ಕೈಗೂ ಬೇಡ.

ತಂಗಿಯ ಕೈ ಈಗ ವಾಸಿಯಾಗಿದೆ. ಚೀಟಿಯನ್ನು ತಿದ್ದಿ ಬರೆದಿದ್ದೇವೆ: ತೆಂಗಿನೆಣ್ಣೆಗೆ 174, ಕುಸುಬಿಗೆ 129. ಮೊದಲ ಪರೀಕ್ಷೆ ತಕ್ಕಡಿಯಲ್ಲಿ, ಎರಡನೆಯದು ಕಾಗದದಲ್ಲಿ. ಎಣ್ಣೆಯ ಹೆಸರಿಲ್ಲದ ಲೆಕ್ಕ ಯಾರು ಕೊಟ್ಟರೂ ನಂಬಬೇಡಿರಿ.